ಸಿಸಿಎಂಟಿ 06 ಇನ್ಸರ್ಟ್‌ಗೆ ಮನೆಯಲ್ಲೇ ಟೂಲ್ ಹೋಲ್ಡರ್: ಡ್ರಾಯಿಂಗ್‌ನಲ್ಲಿ ತಪ್ಪಿದ್ದರೆ ಹೇಳಿ

ನಿಧಾನ_ಫೀಡ್

550 ವ್ಯಾಟ್ ಮೋಟಾರಿನ ಬೆಂಚ್ ಲೇತ್‌ಗೆ ಬಲಗೈ ಹೋಲ್ಡರ್ ಒಂದನ್ನು ಮಾಡಬೇಕಿದೆ. ಎಸ್‌ಸಿಎಲ್‌ಸಿಆರ್ ಮಾದರಿ, ಮುಖ್ಯ ಕಟಿಂಗ್ ಎಡ್ಜ್‌ನ ಕೋನ 95 ಡಿಗ್ರಿ. ಒಂದೇ ಟೂಲಿನಲ್ಲಿ ಟರ್ನಿಂಗೂ ಆಗಬೇಕು, ಫೇಸಿಂಗೂ ಆಗಬೇಕು. ಇನ್ಸರ್ಟ್ (ಸ್ಕ್ರೂ ಹಾಕಿ ಕೂರಿಸುವ ಕಾರ್ಬೈಡ್ ಕಟಿಂಗ್ ಬಿಲ್ಲೆ) ಸಿಸಿಎಂಟಿ 060204, ಮೂಲೆ 80 ಡಿಗ್ರಿ.

ಈಗಿನ ಡ್ರಾಯಿಂಗ್ ಹೀಗಿದೆ: 12×12×100 ಎಂ.ಎಸ್. (ಮೈಲ್ಡ್ ಸ್ಟೀಲ್) ಚೌಕ ಪಟ್ಟಿ. ಇನ್ಸರ್ಟ್ ಕೂರುವ ಸೀಟಿನ ಆಳ 2.4 ಮಿಮೀ, ಗೋಡೆಯ ಎತ್ತರವೂ 2.4, ಗೋಡೆ ನೇರ 90 ಡಿಗ್ರಿ. ಪಾಕೆಟ್ ತೆಗೆಯಲು 4 ಮಿಮೀ ಎಂಡ್ ಮಿಲ್, ಒಳಮೂಲೆಗೆ 2 ಮಿಮೀ ರಿಲೀಫ್ ತೂತು. ಇನ್ಸರ್ಟಿನ ತೂತಿಗೆ ಸರಿಯಾಗಿ ನಡುವೆ ಎಂ2.5 ಟ್ಯಾಪ್, ಅದಕ್ಕೆ ಮಾಮೂಲಿ ಕೌಂಟರ್‌ಸಂಕ್ ಅಲೆನ್ ಸ್ಕ್ರೂ. ಮಿಲ್ಲಿಂಗ್ ಮೆಷಿನ್ ಇದೆ, ಡಿಜಿಟಲ್ ರೀಡೌಟ್ ಇಲ್ಲ. ಲೋಹಕ್ಕೆ ಕೈ ಹಾಕುವ ಮೊದಲೇ ತಪ್ಪು ಗೊತ್ತಾಗಲಿ ಅಂತ ಕೇಳುತ್ತಿದ್ದೇನೆ.

ಟೂಲ್‌ರೂಮ್

ಮೂರು ಕಡೆ ತಿದ್ದಬೇಕು. ಮೊದಲು ಸ್ಕ್ರೂ, ಏಕೆಂದರೆ ಇನ್ಸರ್ಟ್ ಒಡೆಯುವುದು ಅಲ್ಲಿಂದಲೇ.

ಮಾಮೂಲಿ ಕೌಂಟರ್‌ಸಂಕ್ ಸ್ಕ್ರೂವಿನ ತಲೆಯ ಕೋನ 90 ಡಿಗ್ರಿ. ಸಿಸಿಎಂಟಿ ಅನ್ನುವಲ್ಲಿ ಕೊನೆಯ 'ಟಿ' ಅಕ್ಷರದ ಅರ್ಥವೇ ತೂತಿನ ಇಳಿಜಾರು 40ರಿಂದ 60 ಡಿಗ್ರಿಯೊಳಗಿದೆ ಎಂದು. 90 ಡಿಗ್ರಿ ತಲೆ ಆ ಇಳಿಜಾರಿನ ಮೇಲೆ ಕೂರುವುದಿಲ್ಲ, ತೂತಿನ ಬಾಯಂಚನ್ನು ಮಾತ್ರ ಮುಟ್ಟುತ್ತದೆ. ಕಾರ್ಬೈಡ್ ಒತ್ತಡ ತಡೆಯುತ್ತದೆ, ಒಂದೇ ಗೆರೆಯ ಮೇಲೆ ಬೀಳುವ ಸೀಳುವ ಬಲವನ್ನು ತಡೆಯುವುದಿಲ್ಲ. ಬಿಗಿ ಮಾಡುವಾಗಲೇ ತೂತಿನಿಂದ ಅಂಚಿಗೆ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಮೊದಲ ಭಾರೀ ಕಟ್‌ನಲ್ಲಿ ಇನ್ಸರ್ಟ್ ಎರಡು ಹೋಳು. ಇನ್ಸರ್ಟ್ ಸ್ಕ್ರೂವನ್ನೇ ತರಿಸಿಕೊಳ್ಳಿ: ಎಂ2.5, ಟಾರ್ಕ್ಸ್ ಟಿ8 ತಲೆಯದ್ದು. ಬಿಗಿ ಸುಮಾರು 1 ನ್ಯೂಟನ್ ಮೀಟರ್ ಸಾಕು. ಅಂದರೆ ಸಣ್ಣ ಟಾರ್ಕ್ಸ್ ಕೀಲಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುವಷ್ಟು.

ಎರಡನೆಯದು ತೂತಿನ ಜಾಗ. ಸರಿಯಾಗಿ ನಡುವೆ ಟ್ಯಾಪ್ ಮಾಡಿದರೆ ಸ್ಕ್ರೂ ಇನ್ಸರ್ಟನ್ನು ಕೆಳಕ್ಕೆ ಒತ್ತುತ್ತದೆಯೇ ಹೊರತು ಗೋಡೆಗೆ ಒತ್ತುವುದಿಲ್ಲ. ಟ್ಯಾಪ್ ತೂತು ಒಳಮೂಲೆಯ ಕಡೆಗೆ ಸ್ವಲ್ಪ ಸರಿದಿರಬೇಕು. ಆಗ ಸ್ಕ್ರೂವಿನ ತಲೆ ಇಳಿಯುತ್ತಾ ಇನ್ಸರ್ಟನ್ನು ಎರಡೂ ಗೋಡೆಗೆ ಎಳೆದು ಕೂರಿಸುತ್ತದೆ. 06 ಸೈಜಿಗೆ 0.1 ಮಿಮೀ, ಅದಕ್ಕಿಂತ ಹೆಚ್ಚು ಬೇಡ. ಇನ್ಸರ್ಟಿನ ತೂತು 2.8, ಸ್ಕ್ರೂ 2.5. ಸುತ್ತಲೂ ಇರುವ ಸಡಿಲ ಬರೀ 0.15. ಅದನ್ನು ಮೀರಿದರೆ ತಲೆ ಕೂರುವ ಮೊದಲೇ ಸ್ಕ್ರೂವಿನ ಮೈ ತೂತಿನ ಗೋಡೆಗೆ ತಾಗಿ ಬಾಗುತ್ತದೆ. ಎರಡು ಮೂರು ಸಲ ಬಿಚ್ಚಿ ಹಾಕಿದ ಮೇಲೆ ಕತ್ತಿನಲ್ಲಿ ಮುರಿಯುತ್ತದೆ. ಸರಿಯಾಗಿದ್ದರೆ ಸ್ಕ್ರೂ ಕೈಯಲ್ಲೇ ಸಲೀಸಾಗಿ ಇಳಿದು, ಕೊನೆಯ ಕಾಲು ಸುತ್ತಿನಲ್ಲಿ ಇನ್ಸರ್ಟ್ ಮೂಲೆಗೆ ಸರಿಯುವುದು ಕಣ್ಣಿಗೇ ಕಾಣಬೇಕು.

ಮೂರನೆಯದು ಗೋಡೆ. ಇನ್ಸರ್ಟಿಗೆ 7 ಡಿಗ್ರಿ ಕ್ಲಿಯರೆನ್ಸ್ ಇದೆ, ಮೇಲೆ ಅಗಲ, ಕೆಳಗೆ ಕಿರಿದು. ನೀವು 2.4 ಎತ್ತರದ ನೇರ ಗೋಡೆ ಕೊಟ್ಟರೆ ಅದಕ್ಕೆ ತಾಗುವುದು ಮೇಲಿನ ಅಂಚು ಮಾತ್ರ. ಆ ಅಂಚೇ ಇನ್ಸರ್ಟ್ ತಿರುಗಿಸಿದಾಗ ಬೇಕಾಗುವ ಎರಡನೇ ಕಟಿಂಗ್ ಎಡ್ಜ್. ಒಂದು ಮೂಲೆ ಸವೆಯುವಷ್ಟರಲ್ಲಿ ಇನ್ನೊಂದು ಗೋಡೆಗೆ ಒತ್ತಿ ಚಕ್ಕೆ ಹಾರಿರುತ್ತದೆ.

ನಿಧಾನ_ಫೀಡ್

ಗೋಡೆಗೆ 7 ಡಿಗ್ರಿ ಕೊಡಲು ಟೇಪರ್ ಎಂಡ್ ಮಿಲ್ ಬೇಕಲ್ಲ ಸರ್? ಅದು ನನ್ನ ಬಳಿ ಇಲ್ಲ.

ಟೂಲ್‌ರೂಮ್

ಇಲ್ಲದಿದ್ದರೆ ಗೋಡೆಯನ್ನು ನೇರವಾಗಿಯೇ ಬಿಡಿ, ಎತ್ತರ ತಗ್ಗಿಸಿ. ಸೀಟಿನಿಂದ 1.6 ಮಿಮೀ ಸಾಕು. ಪಾಕೆಟ್ ಹಿಂದಿನ ಮೇಲ್ಮೈಯನ್ನು ಮೊದಲೇ 0.8 ಮಿಮೀ ಇಳಿಸಿಕೊಂಡರೆ ಅಷ್ಟಾಗುತ್ತದೆ. ಆಗ ಗೋಡೆಯ ಮೇಲಂಚು ಇನ್ಸರ್ಟಿನ ಪಕ್ಕೆಗೆ ತಾಗುತ್ತದೆ, ಕಟಿಂಗ್ ಎಡ್ಜ್ ಅದಕ್ಕಿಂತ 0.8 ಮೇಲೆ ಸುರಕ್ಷಿತ. ಚಿಪ್ ಹರಿದುಹೋಗಲೂ ಜಾಗವಾಗುತ್ತದೆ.

ಲೆಕ್ಕ ಹೀಗೆ. ಇನ್ಸರ್ಟಿನ ಒಳವೃತ್ತ 6.35, ಅರ್ಧ 3.175. ದಪ್ಪ 2.38. 7 ಡಿಗ್ರಿಯ ಟ್ಯಾಂಜೆಂಟ್ 0.1228. ಸೀಟಿನಿಂದ 1.6 ಎತ್ತರದಲ್ಲಿ ಅರ್ಧ ಅಗಲ 3.175 − 0.78×0.1228, ಅಂದರೆ 3.079. ಇನ್ಸರ್ಟಿನ ನಡುವಿಂದ ಪ್ರತಿ ಗೋಡೆಗೆ ಇರುವ ದೂರ ಇದು. ಮೂಲೆಯ ಕಡೆಗೆ 0.1 ಸರಿಸಿದಾಗ ಪ್ರತಿ ಗೋಡೆಯಿಂದ 0.064 ಕಡಿಮೆಯಾಗುತ್ತದೆ. ಹಾಗಾಗಿ ಟ್ಯಾಪ್ ತೂತಿನ ನಡುಬಿಂದು ಎರಡೂ ಗೋಡೆಯಿಂದ ಲಂಬವಾಗಿ 3.015 ದೂರದಲ್ಲಿರಬೇಕು.

ನೇರ ಗೋಡೆಯಿಂದ ಇನ್ನೊಂದು ಲಾಭವಿದೆ. ಸೀಟಿನ ಮಟ್ಟದಲ್ಲಿ ಇನ್ಸರ್ಟಿಗೂ ಗೋಡೆಗೂ ನಡುವೆ ಹತ್ತಿರಹತ್ತಿರ 0.2 ಮಿಮೀ ಸಂದು ಉಳಿಯುತ್ತದೆ. ಎಂಡ್ ಮಿಲ್ಲಿನ ತುದಿ ಸ್ವಲ್ಪ ಸವೆದಿದ್ದರೆ ಗೋಡೆಯ ಬುಡದಲ್ಲಿ ಸಣ್ಣ ದುಂಡು ಬಿಡುತ್ತದೆ. ಟೇಪರ್ ಗೋಡೆಯಾದರೆ ಇನ್ಸರ್ಟ್ ಆ ದುಂಡಿನ ಮೇಲೆ ಹತ್ತಿ ಕೂತು ಕುಲುಕುತ್ತದೆ, ಇಲ್ಲಿ ಆ ತೊಂದರೆಯಿಲ್ಲ.

ಅರದ_ಕೈ

ಎಂ.ಎಸ್. ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ಪ್ರಕಾರ ಅದು ಬೇಡ. ಅದಕ್ಕಿಂತ ಗಟ್ಟಿ ಸ್ಟೀಲ್ ಇಎನ್8 ಆದರೂ ಇರಲಿ, ಸಿಕ್ಕರೆ ಇನ್ನೂ ಗಟ್ಟಿಯಾದ ಇಎನ್24ಟಿ. ಎಂ.ಎಸ್. ಸೀಟಿನ ಮುಂದಿನ ಅಂಚು, ಕಟಿಂಗ್ ಫೋರ್ಸ್ ನೇರವಾಗಿ ಬೀಳುವ ಜಾಗ, ಕ್ರಮೇಣ ಕುಸಿಯುತ್ತದೆ. ಅಲ್ಲಿ 0.02 ತಗ್ಗಿದರೂ ಇನ್ಸರ್ಟಿನ ಮೂಗಿನ (ಕತ್ತರಿಸುವ ಮೂಲೆಯ) ಕೆಳಗೆ ಆಸರೆ ತಪ್ಪುತ್ತದೆ. ಆಮೇಲೆ ಹೊಸ ಇನ್ಸರ್ಟ್ ಹಾಕಿದಷ್ಟೂ ಮೂಗು ಹಾರುತ್ತದೆ, ದೋಷ ಮಾತ್ರ ಇನ್ಸರ್ಟಿನ ತಲೆಗೆ ಬರುತ್ತದೆ.

ಚಿಪ್‌ಬ್ರೇಕರ್

ಅರದ_ಕೈ ಅಣ್ಣ ಹೇಳಿದ್ದು ದೊಡ್ಡ ಲೇತ್‌ಗೆ ಖಂಡಿತ ನಿಜ. 550 ವ್ಯಾಟಿಗೆ ಲೆಕ್ಕ ಹಾಕಿ ನೋಡೋಣ. ಮೈಲ್ಡ್ ಸ್ಟೀಲ್ ಜಾಬ್ (ಕಡೆಯುವ ವಸ್ತು), ಆಳ 1 ಮಿಮೀ, ಫೀಡ್ ಸುತ್ತಿಗೆ 0.1. ಕಟ್‌ನ ಅಡ್ಡಕೊಯ್ತ 0.1 ಚದರ ಮಿಮೀ. ಇಷ್ಟು ತೆಳು ಚಿಪ್‌ಗೆ ಚದರ ಮಿಮೀಗೆ 2500 ನ್ಯೂಟನ್ ಹಿಡಿದರೆ ಬಲ 250 ನ್ಯೂಟನ್. ನಿಮಿಷಕ್ಕೆ 120 ಮೀಟರ್ ವೇಗದಲ್ಲಿ ಅದಕ್ಕೆ 500 ವ್ಯಾಟ್ ಬೇಕು. ಬೆಲ್ಟಿನ ನಷ್ಟ ಸೇರಿಸಿದರೆ ಮೋಟಾರಿನ ಶಕ್ತಿ ಅಲ್ಲಿಗೆ ಮುಗಿಯಿತು. 250 ನ್ಯೂಟನ್‌ಗೆ ಎಂ.ಎಸ್. ಸೀಟ್ ಕುಸಿಯುವುದಿಲ್ಲ.

ಆದರೆ ಕ್ರ್ಯಾಶ್ ಆದಾಗ, ಇನ್ಸರ್ಟ್ ಒಡೆದು ಅದರ ಚೂರು ಸೀಟಿಗೆ ಒತ್ತಿದಾಗ, ಎಂ.ಎಸ್. ಹೋಲ್ಡರ್ ಅಲ್ಲಿಗೇ ಮುಗಿಯುತ್ತದೆ. ಇಎನ್24ಟಿ ಹಲವು ಸಲ ತಪ್ಪಿಸಿಕೊಳ್ಳುತ್ತದೆ. ಎಂ2.5 ಥ್ರೆಡ್ಡಿನ ಬಾಳಿಕೆಯಲ್ಲೂ ಹಾಗೇ. ಮೊದಲ ಹೋಲ್ಡರ್ ಎಂ.ಎಸ್.ನಲ್ಲಿ ಮಾಡಿ ಅಳತೆ ಪಕ್ಕಾ ಮಾಡಿಕೊಂಡು, ಎರಡನೆಯದನ್ನು ಇಎನ್24ಟಿಯಲ್ಲಿ ಮಾಡುವುದೇ ಒಳ್ಳೆಯದು.

ಅರದ_ಕೈ

ಒಪ್ಪಿದೆ. ಹಾಗಾದರೆ ಇಎನ್24ಟಿಗೆ ಟ್ಯಾಪ್ ಮಾಡುವ ಬಗ್ಗೆ ಎಚ್ಚರ ಹೇಳಲೇಬೇಕು. ಎಂ2.5ಕ್ಕೆ ಪುಸ್ತಕದ ಡ್ರಿಲ್ 2.05. ಈ ಲೋಹಕ್ಕೆ 2.1 ಹಾಕಿ. ಥ್ರೆಡ್ ಸ್ವಲ್ಪ ಆಳ ಕಡಿಮೆಯಾದರೂ ಬಲಕ್ಕೆ ಕೊರತೆಯಿಲ್ಲ, ಟ್ಯಾಪ್ ಮುರಿಯುವುದು ತಪ್ಪುತ್ತದೆ. ಸೀಟಿನ ಕೆಳಗೆ 9.6 ಮಿಮೀ ಲೋಹ ಉಳಿದಿರುತ್ತದೆ, ಅಷ್ಟೂ ಉದ್ದ ಟ್ಯಾಪ್ ಮಾಡಬೇಡಿ. ಕೆಳಗಿನಿಂದ 3 ಮಿಮೀ ಡ್ರಿಲ್ ಹಾಕಿ ಮೇಲೆ 5ರಿಂದ 6 ಮಿಮೀ ಥ್ರೆಡ್ ಮಾತ್ರ ಉಳಿಸಿ. ತೂತು ಆರುಪಾರು ಇರಲೇಬೇಕು. ಸ್ಕ್ರೂ ತಲೆ ಹಾರಿ ಮೈ ಒಳಗೆ ಉಳಿದರೆ ಕೆಳಗಿನಿಂದ ಹಿಡಿದು ತೆಗೆಯಬಹುದು. ಕುರುಡು ತೂತಾದರೆ ಹೋಲ್ಡರನ್ನೇ ಬಿಸಾಡಬೇಕು.

ಟ್ಯಾಪನ್ನು ಮಿಲ್ ಸ್ಪಿಂಡಲ್‌ನಲ್ಲೇ ಹಿಡಿದು, ಮೆಷಿನ್ ಆಫ್ ಮಾಡಿ, ಚಕ್ಕನ್ನು ಕೈಯಲ್ಲಿ ತಿರುಗಿಸಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಪ್ರತಿ ಎರಡು ಸುತ್ತಿಗೆ ಹೊರಗೆ ತೆಗೆದು ಬ್ರಶ್. ಥ್ರೆಡ್ ಓರೆಯಾದರೆ ಸ್ಕ್ರೂವಿನ ತಲೆ ಒಂದೇ ಪಕ್ಕ ಒತ್ತುತ್ತದೆ, ಆಗ 0.1ರ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ನಿಧಾನ_ಫೀಡ್

80 ಡಿಗ್ರಿ ಪಾಕೆಟನ್ನು ವೈಸ್‌ನಲ್ಲಿ ಹೇಗೆ ಹೊಂದಿಸುವುದು? ನನ್ನ ವೈಸ್‌ನ ಡಿಗ್ರಿ ಗುರುತಿನ ಮೇಲೆ ನಂಬಿಕೆಯಿಲ್ಲ.

ಟೂಲ್‌ರೂಮ್

ಎಸ್‌ಸಿಎಲ್‌ಸಿಆರ್‌ನ ಸೊಗಸೇ ಇದು, ಬೇಕಾದ ಕೋನ 5 ಡಿಗ್ರಿ ಒಂದೇ. ಮುಖ್ಯ ಎಡ್ಜ್ ಶ್ಯಾಂಕಿನ (ಹೋಲ್ಡರಿನ ಚೌಕ ಪಟ್ಟಿಯ) ಉದ್ದಕ್ಕೆ 5 ಡಿಗ್ರಿ ಓರೆ, ಮುಂದಿನ ಎಡ್ಜ್ ಶ್ಯಾಂಕಿನ ಅಡ್ಡಕ್ಕೆ 5 ಡಿಗ್ರಿ ಓರೆ. 180ರಲ್ಲಿ 95 ಕಳೆದು 80 ಕಳೆದರೆ ಉಳಿಯುವುದು ಅದೇ 5. ಇನ್ಸರ್ಟಿನ ಎದುರುಬದುರು ಬದಿ ಸಮಾನಾಂತರ, ಆದ್ದರಿಂದ ಗೋಡೆಗಳಿಗೂ ಇದೇ ಕೋನ.

ಶ್ಯಾಂಕನ್ನು ಎಕ್ಸ್ ದಿಕ್ಕಿಗೆ ಮಲಗಿಸಿ, ವೈಸನ್ನು ಒಂದು ಕಡೆಗೆ 5 ಡಿಗ್ರಿ ತಿರುಗಿಸಿ ಎಕ್ಸ್ ಉದ್ದಕ್ಕೆ ಮೊದಲ ಗೋಡೆ ತೆಗೆಯಿರಿ. ಆಮೇಲೆ ಸೊನ್ನೆಯಿಂದ ಇನ್ನೊಂದು ಕಡೆಗೆ 5 ಡಿಗ್ರಿ ತಿರುಗಿಸಿ ವೈ ಉದ್ದಕ್ಕೆ ಎರಡನೇ ಗೋಡೆ. ಎರಡರ ನಡುವೆ ಒಟ್ಟು 10 ಡಿಗ್ರಿ ತಿರುಗಿಸಿದಂತಾಯಿತು, ಹಾಗಾಗಿ ಪಾಕೆಟ್ 80 ಡಿಗ್ರಿ ಬರುತ್ತದೆ. ಒಂದೇ ಸೆಟ್ಟಿಂಗ್‌ನಲ್ಲಿ ಎರಡೂ ಗೋಡೆ ತೆಗೆದರೆ 90 ಡಿಗ್ರಿ, ಇನ್ಸರ್ಟ್ ಒಂದು ಗೋಡೆಗೆ ಮಾತ್ರ ಒರಗುತ್ತದೆ.

ವೈಸ್‌ನ ಗುರುತು ನಂಬಬೇಡಿ, ಡಯಲ್ ಗೇಜನ್ನು ನಂಬಿ. ಗೇಜಿನ ಮುಳ್ಳು ಶ್ಯಾಂಕಿನ ಪಕ್ಕಕ್ಕೆ ತಾಗಿರಲಿ, ಟೇಬಲ್ ಎಕ್ಸ್‌ನಲ್ಲಿ 50 ಮಿಮೀ ಸರಿಸಿದಾಗ ಡಯಲ್ 4.37 ಬದಲಾಗಬೇಕು. ಅರ್ಧ ಡಿಗ್ರಿ ತಪ್ಪಿದರೆ 5 ಮಿಮೀ ಉದ್ದದ ಗೋಡೆಯ ತುದಿಯಲ್ಲಿ 0.04 ಸಂದು ಬೀಳುತ್ತದೆ. ಟರ್ನಿಂಗ್‌ನಲ್ಲಿ ಫೀಡಿನ ಬಲ ಬೀಳುವುದು ಶ್ಯಾಂಕಿನ ಉದ್ದಕ್ಕಿರುವ ಮೊದಲ ಗೋಡೆಯ ಮೇಲೆ. ಯಾವುದಾದರೂ ಒಂದರಲ್ಲಿ ರಾಜಿಯಾಗಬೇಕಾದರೆ ಅದು ಎರಡನೆಯದಾಗಿರಲಿ.

ಸೀಟನ್ನು ಮುಗಿಸುವಾಗ ಎಂಡ್ ಮಿಲ್ಲನ್ನು ನೇರ ಕೆಳಗಿಳಿಸಿ ಅಲ್ಲೇ ನಿಲ್ಲಿಸಬೇಡಿ. ಎಂಡ್ ಮಿಲ್ಲಿನ ತಳ ಒಳಕ್ಕೆ ಸ್ವಲ್ಪ ತಗ್ಗಿರುತ್ತದೆ, ಇಳಿಸಿದಲ್ಲಿ ನಡುವೆ ಸಣ್ಣ ಗುಬುಟು ಉಳಿಯುತ್ತದೆ. ಕೊನೆಯ 0.05 ಅನ್ನು ಸೀಟಿನ ಇಡೀ ಅಗಲಕ್ಕೆ ಓಡಿಸಿ ತೆಗೆಯಿರಿ, ವೈಸ್ ಬಿಚ್ಚದೆ, ಝಡ್ ಲಾಕ್ ಮಾಡಿ.

ನಿಧಾನ_ಫೀಡ್

ರೀಡೌಟ್ ಇಲ್ಲದೆ 3.015 ಹಿಡಿಯುವುದು?

ಅರದ_ಕೈ

ಇನ್ಸರ್ಟನ್ನೇ ಜಿಗ್ ಮಾಡಿಕೊಳ್ಳಿ. ಗೋಡೆ ಎರಡೂ ಮುಗಿದ ಮೇಲೆ ಇನ್ಸರ್ಟನ್ನು ಮೂಲೆಗೆ ಬೆರಳಿನಿಂದ ಒತ್ತಿ ಹಿಡಿಯಿರಿ. ಸ್ಪಿಂಡಲ್‌ಗೆ 2.8 ಮಿಮೀ ಡ್ರಿಲ್ಲನ್ನು ತಲೆಕೆಳಗಾಗಿ, ಶ್ಯಾಂಕ್ ಹೊರಗೆ ಬರುವಂತೆ ಹಿಡಿದು, ಅದು ಇನ್ಸರ್ಟಿನ ತೂತಿನೊಳಗೆ ಎಲ್ಲೂ ತಾಗದೆ ಇಳಿಯುವ ತನಕ ಟೇಬಲ್ ಹೊಂದಿಸಿ. ಅದು ಇನ್ಸರ್ಟಿನ ನಡುವು. ಅಲ್ಲಿಂದ ಎಕ್ಸ್, ವೈ ಎರಡರಲ್ಲೂ ಮೂಲೆಯ ಕಡೆಗೆ 0.07 ಸರಿಸಿ. ಡಯಲ್ ಗೇಜ್ ಇಟ್ಟು ಸರಿಸಿ, ಹ್ಯಾಂಡಲ್ ಸುತ್ತು ಎಣಿಸಿದರೆ ಬ್ಯಾಕ್‌ಲ್ಯಾಶ್ (ಸ್ಕ್ರೂವಿನ ಸಡಿಲ) ಮೋಸ ಮಾಡುತ್ತದೆ. ಟೇಬಲ್ ಲಾಕ್, ಇನ್ಸರ್ಟ್ ತೆಗೆದು ಸೆಂಟರ್ ಡ್ರಿಲ್, ಆಮೇಲೆ 2.1, ಆಮೇಲೆ ಟ್ಯಾಪ್. ನಡುವೆ ಏನನ್ನೂ ಕದಲಿಸಬಾರದು.

ಟ್ಯಾಪ್ ಆದ ಮೇಲೆ ತೂತಿನ ಬಾಯಿಗೆ ತುಸು ಚೇಂಫರ್ ಕೊಡಿ. ಟ್ಯಾಪ್ ಎಬ್ಬಿಸಿದ ಅಂಚು ಸೀಟಿಗಿಂತ ಮೇಲೆ ನಿಂತಿದ್ದರೆ ಇನ್ಸರ್ಟ್ ಅದರ ಮೇಲೇ ತಿರುಗಣಿಯಂತೆ ಕೂರುತ್ತದೆ.

ಚಿಪ್‌ಬ್ರೇಕರ್

ಹೋಲ್ಡರಿನ ಮೂತಿ ಯಾರೂ ಹೇಳಲಿಲ್ಲ. ಇನ್ಸರ್ಟಿನ ತಳ ಅದರ ಕಟಿಂಗ್ ಎಡ್ಜ್‌ಗಿಂತ 0.29 ಒಳಗಿದೆ. ಸೀಟಿನ ಅಂಚು ಎಡ್ಜ್‌ನಿಂದ 0.4 ಒಳಗಿರಲಿ. ಹೆಚ್ಚು ಒಳಗೆ ಹೋದರೆ ಮೂಗಿಗೆ ಆಸರೆ ಇಲ್ಲ, ಹೊರಗೆ ಬಂದರೆ ಹೋಲ್ಡರ್ ಜಾಬಿಗೆ ಉಜ್ಜುತ್ತದೆ. ಆ ಅಂಚಿನಿಂದ ಕೆಳಕ್ಕೆ ಮುಂದೆಯೂ ಪಕ್ಕದಲ್ಲೂ 10 ಡಿಗ್ರಿ ಇಳಿಜಾರು. ಇದನ್ನು ಅರದಲ್ಲಿ ಮಾಡಿದರೂ ನಡೆಯುತ್ತದೆ, ಇಲ್ಲಿ ನಿಖರತೆ ಬೇಕಿಲ್ಲ.

ಹೊಸ_ಬೋರಿಂಗ್

ಇದೇ ಇನ್ಸರ್ಟನ್ನು 10 ಮಿಮೀ ದುಂಡು ಸಲಾಕೆಯಲ್ಲಿ ಕೂರಿಸಿ ಬೋರಿಂಗ್ ಬಾರ್ ಮಾಡಿದರೆ ಆದೀತೆ? 14 ಮಿಮೀ ತೂತಿಗೆ ಬೇಕು.

ಟೂಲ್‌ರೂಮ್

ಆಗುತ್ತದೆ, ಆದರೆ ಸೀಟ್ ಸಮತಲವಾಗಿ ಇರಬಾರದು. ಹೊರಗಿನ ಟರ್ನಿಂಗ್‌ನಲ್ಲಿ ಜಾಬ್ ಟೂಲಿನಿಂದ ದೂರಕ್ಕೆ ಬಾಗುತ್ತದೆ. ತೂತಿನೊಳಗೆ ಗೋಡೆ ಟೂಲಿನ ಕೆಳಗೇ ಬಾಗಿ ಬರುತ್ತದೆ. ಇನ್ಸರ್ಟಿನ 7 ಡಿಗ್ರಿ ಕ್ಲಿಯರೆನ್ಸ್ ಸುಮಾರು 20 ಮಿಮೀ ತೂತಿನ ತನಕ ಮಾತ್ರ ಸಾಕು. ಅದಕ್ಕಿಂತ ಸಣ್ಣದಾದರೆ ಇನ್ಸರ್ಟಿನ ಹಿಮ್ಮಡಿ ತೂತಿನ ಗೋಡೆಗೆ ಉಜ್ಜುತ್ತದೆ. 14 ಮಿಮೀಗೆ ಕನಿಷ್ಠ 10 ಡಿಗ್ರಿ ಬೇಕು. ಆದ್ದರಿಂದ ಸೀಟನ್ನು 5 ಡಿಗ್ರಿ ಓರೆ ಮಾಡಿ: ಕಟ್ ಮಾಡುವ ತುದಿ ಕೆಳಗೆ, ಬಾರಿನ ನಡುವಿನ ಕಡೆ ಮೇಲೆ. ಆಗ 12 ಡಿಗ್ರಿ ಸಿಗುತ್ತದೆ. ರೇಕ್ (ಇನ್ಸರ್ಟಿನ ಮೇಲ್ಮುಖದ ಓರೆ) 5 ಡಿಗ್ರಿ ನೆಗೆಟಿವ್ ಆಗುತ್ತದೆ, ಇನ್ಸರ್ಟಿನ ಚಿಪ್ ಬ್ರೇಕರ್ ತೋಡು ಅದನ್ನು ಬಹುಪಾಲು ತುಂಬಿಕೊಡುತ್ತದೆ. ಸ್ಟೀಲ್ ಬಾರ್ ಹೊರಚಾಚು ವ್ಯಾಸದ 4 ಪಟ್ಟು ಮೀರದಿರಲಿ, ಅಂದರೆ ಇಲ್ಲಿ 40 ಮಿಮೀ. ಹೆಚ್ಚಿನದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಎರಡು ಡ್ರಾಯಿಂಗ್ ಬೆರೆತುಹೋಗುವುದು ಬೇಡ.

ಚಿಪ್‌ಬ್ರೇಕರ್

ಹೋಲ್ಡರ್ ಮುಗಿದ ಮೇಲೆ ಪರೀಕ್ಷೆ ಮಾಡದೆ ಲೇತ್‌ಗೆ ಹಾಕಬೇಡಿ. ಇನ್ಸರ್ಟಿನ ತಳಕ್ಕೆ ಪ್ರಷ್ಯನ್ ಬ್ಲೂವನ್ನು (ಎಲ್ಲಿ ತಾಗುತ್ತದೆಂದು ತೋರಿಸುವ ನೀಲಿ ಬಣ್ಣ) ತೆಳುವಾಗಿ ಸವರಿ, ಸ್ಕ್ರೂ ಹಾಕಿ ಬಿಗಿ ಮಾಡಿ ಬಿಚ್ಚಿ. ನೀಲಿ ಮೂಗಿನ ಕೆಳಗೆ ಖಂಡಿತ ಬಿದ್ದಿರಬೇಕು. ಹಿಂದೆ ಮಾತ್ರ ಬಿದ್ದಿದ್ದರೆ ಮೂಗು ಗಾಳಿಯಲ್ಲಿದೆ ಎಂದರ್ಥ. ಕಾರಣ ಹೆಚ್ಚಾಗಿ ಮೂರರಲ್ಲೊಂದು: ಥ್ರೆಡ್ ಓರೆ, ತೂತು ಮೂಲೆಗೆ ವಿಪರೀತ ಸರಿದಿದೆ, ಅಥವಾ ಅಂಚಿನಲ್ಲಿ ಬರ್ (ಎದ್ದ ಲೋಹದ ಚೂರು) ಉಳಿದಿದೆ. ನಡುವೆ ಮಾತ್ರ ಬಿದ್ದಿದ್ದರೆ ತೂತಿನ ಬಾಯಿ ಎದ್ದಿದೆ. ಗೋಡೆಗೂ ಹಾಗೇ ನೋಡಿ, ಎರಡೂ ಗೋಡೆಯಲ್ಲಿ ಗೆರೆ ಕಾಣಬೇಕು. ಬಿಗಿ ಮಾಡಿದ ಮೇಲೆ 0.02 ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಇನ್ಸರ್ಟಿನ ಕೆಳಗೆ ಎಲ್ಲೂ ತೂರಬಾರದು.

ಸೆಂಟರ್ ಹೈಟ್ ನೋಡುವಾಗ ಫೇಸಿಂಗ್ ಮಾಡಿ ನಡುವಿನ ಮೊಳೆ ನೋಡಿ. ಕತ್ತರಿಸಿದಂತೆ ಮೊಳೆ ಉಳಿದರೆ ಟೂಲ್ ಕೆಳಗಿದೆ, ಉಜ್ಜಿ ತಳ್ಳಿದಂತಿದ್ದರೆ ಮೇಲಿದೆ.

ಸಣ್ಣ ಲೇತ್‌ಗೆ ಇನ್ನೊಂದು ಮಾತು. 20 ಮಿಮೀ ಸ್ಟೀಲ್ ಜಾಬ್‌ಗೆ 120 ಮೀಟರ್ ವೇಗ ಬೇಕೆಂದರೆ 1910 ಆರ್‌ಪಿಎಂ ಆಗುತ್ತದೆ. ಮೆಷಿನ್ ಅಷ್ಟು ಓಡದಿದ್ದರೆ, ಅಥವಾ 0.2 ಮಿಮೀಗಿಂತ ತೆಳು ಕಟ್ ಬೇಕಾದರೆ, ಮೊಂಡು ಅಂಚಿನ ಸಿಸಿಎಂಟಿ ಲೋಹ ಕತ್ತರಿಸುವ ಬದಲು ತಳ್ಳುತ್ತದೆ, ಜಾಬ್ ಮಂಕಾಗಿ ಹರಿದಂತೆ ಬರುತ್ತದೆ. ಅದೇ ಹೋಲ್ಡರ್‌ಗೆ ಅಲ್ಯೂಮಿನಿಯಂಗೆಂದು ಬರುವ ಸಿಸಿಜಿಟಿ 060202 ಹಾಕಿ. ಅಂಚು ಗ್ರೈಂಡ್ ಆಗಿ ಚೂಪಾಗಿರುತ್ತದೆ, ಸ್ಟೀಲಿನಲ್ಲೂ ತೆಳು ಫಿನಿಶಿಂಗ್‌ಗೆ ಚೆನ್ನಾಗಿ ಬರುತ್ತದೆ. ಬಿಟ್ಟು ಬಿಟ್ಟು ತಾಗುವ ಕಟ್‌ಗೆ ಮಾತ್ರ ಬೇಡ, ಅಂಚು ಹಾರುತ್ತದೆ. ನೋಸ್ ರೇಡಿಯಸ್ 0.2 ಆದ್ದರಿಂದ ಫೀಡ್ ಕಡಿಮೆ ಇಡಿ. ಗೀರಿನ ಆಳ ಫೀಡಿನ ವರ್ಗವನ್ನು ರೇಡಿಯಸ್‌ನ 8 ಪಟ್ಟಿನಿಂದ ಭಾಗಿಸಿದಷ್ಟು. 0.1 ಫೀಡಿಗೆ 0.4 ರೇಡಿಯಸ್ 3 ಮೈಕ್ರಾನ್ ಕೊಟ್ಟರೆ, 0.2 ರೇಡಿಯಸ್ 6 ಮೈಕ್ರಾನ್ ಕೊಡುತ್ತದೆ.

ನಿಧಾನ_ಫೀಡ್

ಎಲ್ಲರಿಗೂ ತುಂಬಾ ಧನ್ಯವಾದ. ತಿದ್ದಿದ ಡ್ರಾಯಿಂಗ್: 12×12×100, ಮೊದಲು ಎಂ.ಎಸ್., ಆಮೇಲೆ ಇಎನ್24ಟಿ. ಮುಂಭಾಗದಲ್ಲಿ ಪಾಕೆಟ್ ಹಿಂದಿನ ಮೇಲ್ಮೈ 0.8 ಇಳಿಕೆ, ಸೀಟ್ ಶ್ಯಾಂಕಿನ ಮೇಲಿಂದ 2.4. ನೇರ ಗೋಡೆ, ಎತ್ತರ 1.6. ಎರಡೂ ಗೋಡೆ 5 ಡಿಗ್ರಿ, ಪಾಕೆಟ್ 80. ಟ್ಯಾಪ್ ತೂತು ಗೋಡೆಗಳಿಂದ 3.015, ಡ್ರಿಲ್ 2.1, ಥ್ರೆಡ್ 6 ಮಿಮೀ, ಕೆಳಗಿನಿಂದ 3 ಮಿಮೀ. ಮೂತಿ 10 ಡಿಗ್ರಿ, ಅಂಚು 0.4 ಒಳಗೆ. ಎಂಡ್ ಮಿಲ್ 4, ರಿಲೀಫ್ 2 ಹಾಗೇ ಇದೆ.

ಟೂಲ್‌ರೂಮ್

ಕೊನೆಯದೇ ತಪ್ಪು, ಮೊದಲ ಸಲವೇ ಹೇಳಬೇಕಿತ್ತು. 4 ಮಿಮೀ ಎಂಡ್ ಮಿಲ್ 80 ಡಿಗ್ರಿ ಮೂಲೆಯಲ್ಲಿ 2 ಮಿಮೀ ರೇಡಿಯಸ್ ಬಿಡುತ್ತದೆ. ಆ ದುಂಡು ಗೋಡೆಗೆ ಸೇರುವುದು ಮೂಲೆಯಿಂದ 2.4 ಮಿಮೀ ದೂರದಲ್ಲಿ. ನಿಮ್ಮ 2 ಮಿಮೀ ತೂತು ಮೂಲೆಯಿಂದ 1 ಮಿಮೀ ಮಾತ್ರ ತೆಗೆಯುತ್ತದೆ. ಉಳಿದ ದುಂಡಿಗೆ ಇನ್ಸರ್ಟ್ ತಾಗಿ ಗೋಡೆಯನ್ನೇ ಮುಟ್ಟುವುದಿಲ್ಲ. 80 ಡಿಗ್ರಿ ಮೂಲೆಗೆ ರಿಲೀಫ್ ತೂತಿನ ವ್ಯಾಸ ಕಟರ್ ವ್ಯಾಸದ 1.2 ಪಟ್ಟು ಇರಬೇಕು. 4 ಮಿಮೀ ಕಟರಿನಲ್ಲಿ ಒರಟು ಕೆಲಸ ಮುಗಿಸಿ, ಗೋಡೆಗೆ 3 ಮಿಮೀ ಕಟರ್ ಹಾಕಿ, ತೂತು 3.6 ಮಾಡಿ. ಆಳ ಸೀಟಿಗಿಂತ ತುಸು ಕೆಳಗೆ ಹೋದರೆ ಸಾಕು.

ಅರದ_ಕೈ

ಆ 3.6 ತೂತನ್ನು ಪಾಕೆಟ್ ತೆಗೆಯುವ ಮೊದಲೇ ಕೊರೆಯಿರಿ, ಎರಡು ಗೋಡೆ ಸೇರುವ ಬಿಂದುವನ್ನು ಗೀಚಿ ಗುರುತು ಮಾಡಿಕೊಂಡು. ಪಾಕೆಟ್ ಆದ ಮೇಲೆ ಕೊರೆದರೆ ಡ್ರಿಲ್ಲಿನ ಒಂದು ಪಕ್ಕಕ್ಕೆ ಲೋಹವಿರುವುದಿಲ್ಲ, ಅದು ಖಾಲಿ ಕಡೆಗೆ ಜಾರಿ ಈಗಷ್ಟೇ ಮುಗಿಸಿದ ಸೀಟನ್ನು ಗೀರುತ್ತದೆ.